ಕಿಟಕಿಯಿಲ್ಲದ ಕೋಣೆಯಲ್ಲಿ ಕಂಡ ಬಣ್ಣ

“ತೊಂಬತ್ತೊಂಬತ್ತು,” ಎಂದು ಓದಿ ತನಿಖಾಧಿಕಾರಿ ತಲೆಯೆತ್ತಿದ. “ನಿಮ್ಮ ಕಂಪನಿ ಯಜಮಾನರಿಗೆ ಅಷ್ಟು ವಯಸ್ಸಾಗಿತ್ತಾ ಅಮ್ಮಾ?”

“ಇಲ್ಲ. ಅರವತ್ತೊಂದು.”

“ಮತ್ತೆ ನೀವು ಬರೆದಿಟ್ಟ ಹಾಳೆಯಲ್ಲಿ ಹಿಂಗಿದೆಯಲ್ಲ. ಪಾಪ, ಬದುಕಿರೋ ಮನುಷ್ಯನ್ನ ಒಂದೇ ಏಟಿಗೆ ಮುದುಕನ್ನ ಮಾಡಿಬಿಟ್ಟಿದ್ದೀರಿ.”

ಅವಳು ನಗಲಿಲ್ಲ. ಬೆಳಗ್ಗೆ ಹತ್ತಕ್ಕೆ ಈ ಕೋಣೆಗೆ ಬಂದು ಕೂತವಳು. ಈಗ ಮೂರು ದಾಟಿತ್ತು. ಬಂದ ಕೂಡಲೇ ಅಧಿಕಾರಿ ಅವಳ ಫೋನನ್ನೂ, ಬಾಗಿಲು ತೆರೆಯುವ ಕಾರ್ಡನ್ನೂ ಇಸಿದುಕೊಂಡು ತನ್ನ ಚರ್ಮದ ಚೀಲಕ್ಕೆ ಹಾಕಿಕೊಂಡಿದ್ದ. “ಸುಮ್ಮನೆ, ಪದ್ಧತಿ,” ಅಂದಿದ್ದ. ಆಮೇಲೆ ಆ ಚೀಲ ಅವನ ಕಾಲ ಬಳಿಯಿಂದ ಕದಲಲಿಲ್ಲ.

ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ಎರಡರಲ್ಲೂ ಒಂದೇ ಸುದ್ದಿ: ಬಟ್ಟೆ ಕಂಪನಿಯ ಯಜಮಾನರು ಹಠಾತ್ತನೆ ತೀರಿಕೊಂಡರು, ಸಂಸ್ಥೆಗೆ ತುಂಬಲಾರದ ನಷ್ಟ, ಇತ್ಯಾದಿ. ಒಂದು, ಅವಳ ಕಂಪ್ಯೂಟರಿನಲ್ಲಿ ಎಂಟು ತಿಂಗಳಿಂದ ಇದ್ದದ್ದು. ಇನ್ನೊಂದು, ಮೂರು ದಿನದ ಹಿಂದೆ ಬೆಳಗ್ಗೆ ಏಳು ಹತ್ತಕ್ಕೆ ಅದೇ ಕಂಪ್ಯೂಟರಿನಿಂದ ಪತ್ರಿಕೆಗಳಿಗೆ ಹೋದದ್ದು. ಕಸ ಗುಡಿಸುವಾಕೆ ಹಿಂದಿನ ಮೆಟ್ಟಿಲ ಬುಡದಲ್ಲಿ ಯಜಮಾನರ ಹೆಣ ಕಂಡು ಕಿರುಚಿದ್ದು ಏಳು ನಲವತ್ತಕ್ಕೆ.

“ಸಾವಿನ ಸುದ್ದಿ ಮುಂಚೇನೆ ಬರೆದಿಡೋದು ಯಾವ ಸೀಮೆ ಉದ್ಯೋಗಮ್ಮಾ?”

“ನಮ್ಮ ಉದ್ಯೋಗವೇ ಹಾಗೆ ಸಾರ್. ಕಾರ್ಖಾನೆಗೆ ಬೆಂಕಿ ಬಿದ್ರೆ ಏನು ಹೇಳಬೇಕು, ಬಣ್ಣದಿಂದ ಯಾರಿಗಾದ್ರೂ ಮೈ ಕೆರೆತ ಬಂದ್ರೆ ಏನು ಹೇಳಬೇಕು, ಎಲ್ಲಾ ಬರೆದಿಟ್ಟಿರ್ತೀವಿ. ಬೆಂಕಿ ಬಿದ್ದಾಗ ಕೂತು ಬರೆಯೋಕೆ ಕೈ ನಡುಗುತ್ತೆ. ಅದಕ್ಕೆ.”

“ನಿಮಗೂ ಒಂದು ಬರೆದಿಟ್ಕೊಂಡಿದ್ದೀರಾ?”

“ಆಳುಗಳು ಸತ್ರೆ ಪ್ರಕಟಣೆ ಕೊಡಲ್ಲ ಸಾರ್.”

ಅಧಿಕಾರಿಯ ಮೀಸೆಯ ಒಂದು ತುದಿ ಅಲುಗಿತು. ಮೋಟು ಪೆನ್ಸಿಲನ್ನು ಬಾಯಿಗೆ ಒಯ್ದು, ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡ. ಅವಸರ ಎನ್ನುವುದು ಅವನ ಜಾತಕದಲ್ಲೇ ಇರಲಿಲ್ಲ. ಬಾವಿಯಿಂದ ನೀರು ಸೇದುವವನು ಕೊಡ ಮುಳುಗುವವರೆಗೆ ಕಾಯುವ ಹಾಗೆ ಕಾಯುತ್ತಿದ್ದ.

ಅದು ಮಾದರಿ ಬಟ್ಟೆಗಳನ್ನು ಪೇರಿಸಿಡುವ ಕೋಣೆ. ಬಿಸಿಲು ತಗುಲಿದರೆ ಬಣ್ಣ ಹೊಳಪು ಕಳೆದುಕೊಳ್ಳುತ್ತದೆಂದು ಕಿಟಕಿಯನ್ನೇ ಇಟ್ಟಿರಲಿಲ್ಲ. ನಾಲ್ಕೂ ಗೋಡೆಗೆ ಕಪಾಟು, ಕಪಾಟಿನ ತುಂಬ ಬಟ್ಟೆಯ ವಾಸನೆ, ತಲೆಯ ಮೇಲೆ ಜುಂಯ್ಗುಡುವ ಒಂದು ಟ್ಯೂಬ್‌ಲೈಟು. ಬಾಗಿಲ ಒಳಮೈಗೆ ಅವಳದೇ ಅಕ್ಷರದ ಚೀಟಿ ಅಂಟಿಸಿತ್ತು: ‘ಬಣ್ಣವನ್ನು ಇಲ್ಲಿ ನಿರ್ಧರಿಸಬೇಡಿ. ಕಿಟಕಿಗೆ ಒಯ್ದು ನೋಡಿ.’ ಹೊಸದಾಗಿ ಸೇರಿದವರೆಲ್ಲ ಮೊದಲ ವಾರ ಅವಳಿಂದ ಬೈಸಿಕೊಳ್ಳುತ್ತಿದ್ದುದು ಇದೊಂದೇ ಕಾರಣಕ್ಕೆ.

ಕಚೇರಿಯಲ್ಲಿ ಅವಳನ್ನು ಕಣಿಯಮ್ಮ ಎನ್ನುತ್ತಿದ್ದರು. ಮುಂದಿನ ವರ್ಷ ಜನ ಯಾವ ಬಣ್ಣ ಉಡುತ್ತಾರೆ, ತೋಳು ಗಿಡ್ಡವೋ ಉದ್ದವೋ, ಅಂಚು ಅಗಲವೋ ಕಿರಿದೋ ಎಂದು ವರ್ಷ ಮುಂಚೆ ಹೇಳುವುದು ಅವಳ ಕೆಲಸದ ಅರ್ಧ. ಹೇಳಿದ್ದನ್ನು ಪತ್ರಿಕೆಯವರ ಬಾಯಲ್ಲಿ ಹೇಳಿಸುವುದು ಇನ್ನರ್ಧ. ಬಂದಾಗ ಅವಳು ಇಪ್ಪತ್ತೊಂದರ ಹುಡುಗಿ. ಪತ್ರಿಕೆಗಳಲ್ಲಿ ಕಂಪನಿಯ ಹೆಸರು ಬಂದ ಕಡೆ ಕತ್ತರಿಸಿ ಅಂಟಿಸುವ ಕೆಲಸ. ಪ್ರಕಟಣೆ ಬರೆಯುವುದನ್ನು ಕೈಹಿಡಿದು ಕಲಿಸಿದವರು, ಕಚೇರಿಯಲ್ಲಿ ಯಜಮಾನರ ನಂತರದ ಹಿರಿಯರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಬಣ್ಣ ನೋಡುವುದನ್ನು ಯಾರೂ ಕಲಿಸಲಿಲ್ಲ. ಅದು ಅಪ್ಪನಿಂದ ಬಂದದ್ದು. ಅಪ್ಪ ಬೆಳಗ್ಗೆ ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು ಉತ್ತ ಸಾಲಿನ ಬಣ್ಣ ನೋಡಿ, ಇವತ್ತು ಬಿತ್ತಬಹುದು, ಇವತ್ತು ಬೇಡ, ಎನ್ನುತ್ತಿದ್ದ. ಮೋಡದ ನೆರಳಿದ್ದರೆ ಅದು ಸರಿಯುವ ತನಕ ಬಾಯಿ ಬಿಡುತ್ತಿರಲಿಲ್ಲ.

“ಸರಿ,” ಎಂದ ಅಧಿಕಾರಿ. “ತೊಂಬತ್ತೊಂಬತ್ತು ಯಾಕೆ?”

“ಅದು ಬೀಗ ಸಾರ್. ಬರೆದಿಟ್ಟ ಹಾಳೆ ಅಪ್ಪಿತಪ್ಪಿ ಹೊರಗೆ ಹೋಗಬಾರದು ಅಂತ ಒಂದು ದೊಡ್ಡ ತಪ್ಪನ್ನ ಬೇಕಂತಲೇ ಇಟ್ಟಿರ್ತೀವಿ. ಕಳಿಸೋ ದಿನ ನಾನೇ ಸರಿಮಾಡಿ ಕಳಿಸಬೇಕು. ತಪ್ಪು ಹಾಗೇ ಇದ್ರೆ, ಏನೋ ಸರಿಯಿಲ್ಲ ಅಂತ ಪತ್ರಿಕೆಯೋರಿಗೆ ಅನುಮಾನ ಬಂದು ಫೋನ್ ಮಾಡ್ತಾರೆ.”

“ಈ ಸಲ ತಪ್ಪು ಇರಲಿಲ್ಲ.”

“ಇರಲಿಲ್ಲ.”

“ಅರವತ್ತೊಂದು ಅಂತ ಸರಿಯಾಗೇ ಹೋಗಿದೆ. ಅಂದ್ರೆ ಬೀಗದ ಕೈ ಇದ್ದೋರೇ ತೆಗೆದಿದ್ದಾರೆ.” ಅವನು ಎರಡು ಹಾಳೆಗಳನ್ನೂ ಅಂಚಿಗೆ ಅಂಚು ಕೂಡಿಸಿಟ್ಟ. “ಕಂಪ್ಯೂಟರನ್ನ ಯಾರು ಬೇಕಾದ್ರೂ ತೆಗೀತಾರೆ ಅಂದ್ರಿ, ಒಪ್ಪಿದೆ. ಈ ತೊಂಬತ್ತೊಂಬತ್ತರ ಗುಟ್ಟು ಎಷ್ಟು ಜನಕ್ಕೆ ಗೊತ್ತು?”

“ನನಗೆ. ಕಲಿಸಿದ ಮೇಷ್ಟ್ರಿಗೆ.”

“ಅವರು ಆವತ್ತು ಊರಲ್ಲೇ ಇರಲಿಲ್ಲ. ರೈಲಿನ ಟಿಕೆಟ್ ತಂದು ತೋರಿಸಿದ್ದಾರೆ. ಪಾಪ, ಇಳಿವಯಸ್ಸು, ನಾನು ಕೇಳೋ ಮುಂಚೆನೇ ತಂದ್ರು. ಇನ್ಯಾರಿಗೆ?”

ಇನ್ಯಾರಿಗೆ ಎನ್ನುವುದಕ್ಕೆ ಅವಳ ಬಳಿ ಉತ್ತರವಿತ್ತು. ತಂಗಿ ಇಲ್ಲಿ ಆರು ತಿಂಗಳು ಅವಳ ಕೈಕೆಳಗೆ ಕೆಲಸ ಮಾಡಿದ್ದಳು. ಆ ಹಾಳೆಗಳನ್ನು ಟೈಪು ಮಾಡಿದ್ದೇ ಅವಳು. ‘ಅಕ್ಕಾ, ಎಲ್ಲರಿಗೂ ತೊಂಬತ್ತೊಂಬತ್ತು ವರ್ಷ ಆಯಸ್ಸು ಕೊಟ್ಟಿದ್ದೀಯ, ದೊಡ್ಡ ಮನಸ್ಸು ನಿಂದು,’ ಎಂದು ನಕ್ಕಿದ್ದಳು.

“ಇನ್ಯಾರಿಗೂ ಇಲ್ಲ,” ಎಂದಳು.

“ಯೋಚನೆ ಮಾಡಿ ಹೇಳಿ. ಯಾರಿಗೂ ಇಲ್ಲ ಅಂದ್ರೆ ಉಳಿಯೋದು ನೀವೊಬ್ಬರೇ.”

“ನಾನು ಯಾಕೆ ಸಾರ್ ಮಾಡ್ಲಿ?”

“ಹೋದ ವರ್ಷ ಎಲ್ಲಾರೂ ಹಸಿರು ಉಡ್ತಾರೆ ಅಂದ್ರಂತೆ. ಯಾರೂ ಉಡಲಿಲ್ಲವಂತೆ. ಗೋದಾಮಿನ ತುಂಬ ಹಸಿರು, ನೋಡಿ ಬಂದೆ, ಹಸು ನುಗ್ಗಿದ್ರೆ ಆಚೆ ಬರ್ತಾ ಇರಲಿಲ್ಲ. ಈ ವರ್ಷ ನಿಮ್ಮ ಜಾಗಕ್ಕೆ ಬೇರೆಯೋರನ್ನ ತರ್ತೀನಿ ಅಂತ ಯಜಮಾನ್ರು ಸಭೆಯಲ್ಲಿ ಹೇಳಿದ್ರಂತೆ. ಹೌದೋ ಅಲ್ವೋ?”

“ಹೌದು.”

“ಇಪ್ಪತ್ತೆರಡು ವರ್ಷದ ಚಾಕರಿ.”

“ಹೌದು ಸಾರ್. ಅದಕ್ಕೆ ಜನ ಅಳ್ತಾರೆ. ಕೊಲೆ ಮಾಡಲ್ಲ.”

ಅವನು ತಲೆದೂಗಿದ. ನಂಬಿದನೋ ಇಲ್ಲವೋ ಹೇಳುವಂತಿರಲಿಲ್ಲ. ನಿಧಾನವಾಗಿ ಬಗ್ಗಿ ಚೀಲದಿಂದ ಒಂದು ಚಿಕ್ಕ ಪ್ಲಾಸ್ಟಿಕ್ ಕವರು ತೆಗೆದು, ದೀಪದ ಕೆಳಗೆ ಮೇಜಿನ ನಡುವೆ ಇಟ್ಟ.

ಒಳಗೆ ಒಂದು ಎಳೆ ದಾರ. ಗೇಣುದ್ದ.

“ಯಜಮಾನ್ರ ಕೈಗಡಿಯಾರದ ಪಟ್ಟಿಗೆ ಸಿಕ್ಕಿಕೊಂಡಿತ್ತು. ಬೀಳೋವಾಗ ಯಾರದೋ ಬಟ್ಟೆ ಹಿಡ್ಕೊಂಡಿರ್ಬೇಕು. ನಮ್ಮ ಪೇದೆ ‘ಕಂದು’ ಅಂತ ಬರೆದಿದ್ದಾನೆ. ನೀವು ಏನಂತೀರಿ?”

ಅವಳು ನೋಡಿದಳು. ಒಂದು ಸಲವೇ ನೋಡಿದ್ದು.

ಆ ಬಣ್ಣ ಯಾವ ಅಂಗಡಿಯಲ್ಲೂ ಇರಲಿಲ್ಲ. ಬರುವ ವರ್ಷಕ್ಕೂ ಇಲ್ಲ, ಅದರಾಚೆಯ ವರ್ಷಕ್ಕೆಂದು ಅವಳು ಕಂಡುಕೊಂಡ ಬಣ್ಣ ಅದು. ಉತ್ತ ಹೊಲದ ಮಣ್ಣು ಒಂದು ದಿನ ಬಿಸಿಲು ಕುಡಿದ ಮೇಲೆ ಮೇಲ್ಮೈಗೆ ಬರುತ್ತದಲ್ಲ, ಆ ಬಣ್ಣ. ‘ಒಣಸಾಲು’ ಎಂದು ಹೆಸರಿಟ್ಟಿದ್ದಳು. ಬಣ್ಣದ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಅದ್ದಿಸಿದ್ದಳು. ಮೊದಲ ಅದ್ದಿನ ತುಂಡು ಬಣ್ಣ ಹೆಚ್ಚಾಗಿ ಕೆಟ್ಟಿತು. ಎರಡನೆಯ ಅದ್ದಿಗೆ ಇನ್ನೊಂದು ತುಂಡು ಸರಿಬಂತು. ಸರಿಬಂದ ತುಂಡಿನಿಂದ ಬೆರಳಗಲದ ಚೂರೊಂದನ್ನು ಕತ್ತರಿಸಿ ಮಾದರಿ ಪುಸ್ತಕಕ್ಕೆ ಅಂಟಿಸಿ, ಉಳಿದದ್ದಕ್ಕೆ ತಾನೇ ಕುಚ್ಚು ಕಟ್ಟಿ ತಂಗಿಯ ಹುಟ್ಟುಹಬ್ಬಕ್ಕೆ ಸ್ಕಾರ್ಫ್ ಮಾಡಿಕೊಟ್ಟಿದ್ದಳು. ಪುಸ್ತಕದ ಚೂರಿನಿಂದ ಗೇಣುದ್ದದ ದಾರ ಬರುವುದಿಲ್ಲ.

ತಂಗಿ ಕೆಲಸ ಬಿಟ್ಟು ನಾಲ್ಕು ತಿಂಗಳಾಗಿತ್ತು. ಅವಳು ತಿಂಗಳುಗಟ್ಟಲೆ ಕೂತು ಬಟ್ಟೆಯ ಚೂರುಗಳನ್ನು ಜೋಡಿಸಿ ಅಂಟಿಸಿದ್ದ ವಿನ್ಯಾಸದ ಹಲಗೆಯನ್ನು ಯಜಮಾನರು ಎಲ್ಲರೆದುರು ಕಿತ್ತು ಹಾಕಿ, “ಇದನ್ನ ನೆಲ ಒರೆಸೋಕೆ ಕೊಡಿ,” ಅಂದಿದ್ದರು. ತಂಗಿ ಹಿಂದಿನ ಮೆಟ್ಟಿಲು ಇಳಿಯುತ್ತ, “ಈ ಮನುಷ್ಯ ಒಂದಿನ ಇದೇ ಮೆಟ್ಟಿಲಿಂದ ಉರುಳ್ತಾನೆ ನೋಡು,” ಎಂದದ್ದನ್ನು ಕೇಳಿಸಿಕೊಂಡವಳು ಅಕ್ಕ ಒಬ್ಬಳೇ. ಮೂರು ದಿನದಿಂದ ತಂಗಿ ಫೋನು ಎತ್ತುತ್ತಿರಲಿಲ್ಲ.

“ಕಂದು,” ಎಂದಳು.

“ಅಷ್ಟೇನಾ?”

“ಅಷ್ಟೇ.”

“ನಲವತ್ತು ಥರ ಕಂದು ಗೊತ್ತಿರೋರು ನೀವು. ಬೆಳಗ್ಗೆ ನನ್ನ ಅಂಗಿ ನೋಡಿ ಇದು ಬೂದಿಯಲ್ಲ, ಪಾರಿವಾಳ ಅಂದ್ರಿ. ನನ್ನ ಹೆಂಡತಿ ಹದಿನೆಂಟು ವರ್ಷದಲ್ಲಿ ನನ್ನ ಅಂಗಿಗೆ ಅಷ್ಟು ಮರ್ಯಾದೆ ಕೊಟ್ಟಿಲ್ಲ. ಈಗ ನೋಡಿದ್ರೆ ಪೇದೆ ಹೇಳಿದ್ದೇ ಹೇಳ್ತೀರಿ.”

“ದೀಪ ಸರಿಯಿಲ್ಲ ಸಾರ್.” ಬಾಯಿಗೆ ಬಂದದ್ದು ಹೇಳಿದಳು. ತಾನು ಹೇಳಿದ್ದು ತನ್ನ ಕಿವಿಗೇ ಬೀಳಲಿಲ್ಲ.

ಅಧಿಕಾರಿ ಕವರನ್ನು ಮತ್ತೆ ಚೀಲಕ್ಕೆ ಹಾಕಿದ. ಕಿವಿಯ ಮೇಲಿನ ಪೆನ್ಸಿಲು ಕೈಗೆ ಬಂತು.

“ಹಿಂಗೆ ಮಾಡೋಣ. ನೀವಲ್ಲ ಅಂತೀರಿ. ಹಾಗಿದ್ರೆ ಇಲ್ಲಿ ಕೆಲಸ ಬಿಟ್ಟು ಹೋದೋರನ್ನೆಲ್ಲಾ ಕೇಳಬೇಕಾಗುತ್ತೆ. ಪಟ್ಟಿ ಇದೆ ನನ್ನ ಹತ್ರ. ಮೊದಲನೇ ಹೆಸರೇ ನಿಮ್ಮ ತಂಗೀದು. ಸಂಜೆ ಒಳಗೆ ಅವರ ಮನೆಗೆ ಹೋಗ್ತೀವಿ. ಬಟ್ಟೆಬರೆ ಎಲ್ಲಾ ನೋಡ್ತೀವಿ.”

ಬಟ್ಟೆಬರೆ. ಬೀರುವಿನ ಬಾಗಿಲು ತೆಗೆದರೆ ಎದುರಿಗೇ ಸ್ಕಾರ್ಫ್ ನೇತುಹಾಕಿರುತ್ತಾಳೆ, ಹುಚ್ಚಿ. ಒಂದು ಕುಚ್ಚು ಹರಿದಿರುತ್ತದೆ.

ಅಪ್ಪ ಹೋದಾಗ ತಂಗಿಗೆ ಒಂಬತ್ತು ವರ್ಷ. ಇವಳೇ ಜಡೆ ಹಾಕಿ, ಶಾಲೆಗೆ ಬಿಟ್ಟು, ಜ್ವರ ಬಂದಾಗ ರಜೆ ಹಾಕಿ, ಮುನಿಸಿಕೊಂಡಾಗ ರಮಿಸಿ ಬೆಳೆಸಿದ್ದು. ಮದುವೆ ಮಾಡಿಕೊಳ್ಳಲಿಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ, ಮಗಳು ಮೊದಲೇ ಹುಟ್ಟಿಬಿಟ್ಟಳಲ್ಲ, ಎಂದು ನಗುತ್ತಿದ್ದಳು.

“ಅವಳಿಗೂ ಇದಕ್ಕೂ ಸಂಬಂಧ ಇಲ್ಲ ಸಾರ್.”

“ಅದನ್ನ ಯಾರು ಬರೆದುಕೊಡ್ತಾರೆ?”

ಟ್ಯೂಬ್‌ಲೈಟು ಒಂದು ಸಲ ಮಿಟುಕಿ ಮತ್ತೆ ಹತ್ತಿತು. ಕೋಣೆಯಲ್ಲಿ ಗಾಳಿ ಮುಗಿದಂತೆ ಅನಿಸಿತು ಅವಳಿಗೆ. ದೊಡ್ಡಿಗೆ ಹೊಡೆದ ದನ ಬೇಲಿಯ ಸುತ್ತ ಸುತ್ತಿ ಕೊನೆಗೆ ಗೂಟದ ಹತ್ತಿರವೇ ಬಂದು ನಿಲ್ಲುತ್ತದೆ. ಅವಳೂ ಹಾಗೇ ಬಂದು ನಿಂತಳು.

“ನಾನೇ ಬರೆದುಕೊಡ್ತೀನಿ.”

ಅವನು ಹಾಳೆ ಮುಂದಿಟ್ಟ. ಅವಸರವಿಲ್ಲದೆ, ಅಂಚು ಸರಿಮಾಡಿ.

ಅವಳು ಬರೆದಳು. ಇಪ್ಪತ್ತೆರಡು ವರ್ಷ ಪ್ರಕಟಣೆ ಬರೆದ ಕೈ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಆ ಬೆಳಗ್ಗೆ ಕಚೇರಿಗೆ ಬೇಗ ಬಂದೆ. ಹಳೆಯ ಹಾಳೆಗಳನ್ನು ತಿದ್ದುತ್ತಿದ್ದೆ. ವಯಸ್ಸು ಸರಿಮಾಡಿದೆ. ಕೈತಪ್ಪಿ ಕಳಿಸಿದೆ. ವಯಸ್ಸಿನ ಈ ಗುಟ್ಟು ನನ್ನ ತಂಗಿಗೆ ತಿಳಿಯದು. ಈ ವಿಷಯಕ್ಕೂ ಅವಳಿಗೂ ಯಾವ ಸಂಬಂಧವೂ ಇಲ್ಲ.

ಅಧಿಕಾರಿ ಎರಡು ಸಲ ಓದಿದ. “ಕೈತಪ್ಪಿ,” ಎಂದ. “ಕೈತಪ್ಪಿ ಸುದ್ದಿ ಹೋಯ್ತು, ಆಮೇಲೆ ಸುದ್ದಿಗೆ ತಕ್ಕಂತೆ ಮನುಷ್ಯ ಸತ್ತ. ನಿಮ್ಮ ಕಣಿಗಳಲ್ಲಿ ನಿಜ ಆಗಿದ್ದು ಇದೊಂದೇ ಅನ್ಸುತ್ತೆ.”

ಅವಳು ಸಹಿ ಹಾಕಿದಳು.

“ನಡೀರಿ. ಠಾಣೆಗೆ ಹೋಗಿ ಉಳಿದದ್ದು ಮಾತಾಡೋಣ.”

ಕೋಣೆಯ ಹೊರಗೆ ಉದ್ದನೆಯ ಓಣಿ. ಓಣಿಯ ಕೊನೆಗೆ ನೆಲದಿಂದ ಸೂರಿನವರೆಗೆ ಗಾಜಿನ ಬಾಗಿಲು. ಕಾರ್ಡು ತೋರಿಸಿದರೆ ಮಾತ್ರ ಸರಿಯುವಂಥದ್ದು. ಅದರಾಚೆ ಬಂದವರು ಕೂರುವ ಹಜಾರ, ಅದರಾಚೆ ರಸ್ತೆ. ಪಡುವಣದ ಬಿಸಿಲು ಹಜಾರದ ತುಂಬ ಚೆಲ್ಲಿತ್ತು. ಐದು ತಾಸು ಟ್ಯೂಬ್‌ಲೈಟಿನಲ್ಲಿ ಕೂತ ಕಣ್ಣು ಚುರುಗುಟ್ಟಿತು.

ಹಜಾರದ ಸೋಫಾದಲ್ಲಿ ಮೇಷ್ಟ್ರು ಕೂತಿದ್ದರು. ಬೆಳಗ್ಗೆ ಅವಳು ಒಳಗೆ ಹೋಗುವಾಗಲೂ ಅಲ್ಲೇ ಕೂತಿದ್ದರು. ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, “ಹೆದರಬೇಡ ಮಗಳೇ. ಅವರು ಕೇಳಿದ್ದಕ್ಕೆ ಹೂಂ ಅಂದು ಬೇಗ ಸಹಿ ಹಾಕಿ ಬಂದುಬಿಡು. ಆಮೇಲೆ ನಾನಿದ್ದೀನಿ,” ಎಂದಿದ್ದರು. ಈಗ ಅವರ ಪಕ್ಕದಲ್ಲಿ ಇನ್ನೊಬ್ಬಳು ಕೂತಿದ್ದಳು.

ತಂಗಿ.

ಅಕ್ಕನನ್ನು ಕಂಡದ್ದೇ ತಂಗಿ ಎದ್ದು ಓಡಿ ಬಂದಳು. ಗಾಜಿಗೆ ಮೂಗು ಒತ್ತಿ ಏನೋ ಹೇಳಿದಳು. ದಪ್ಪ ಗಾಜು, ತುಟಿ ಅಲುಗಿದ್ದು ಮಾತ್ರ ಕಂಡಿತು. ಅತ್ತು ಅತ್ತು ಕಣ್ಣು ಊದಿತ್ತು. ಕೊರಳಲ್ಲಿ ಒಣಸಾಲಿನ ಬಣ್ಣದ ಸ್ಕಾರ್ಫ್ ಇತ್ತು.

ಅಕ್ಕ ಹೆದರಿ ಅಧಿಕಾರಿಯ ಕಡೆ ನೋಡಿದಳು. ಅವನು ಗೋಡೆಗೊರಗಿ ನಿಂತು ಚೀಲದಲ್ಲಿ ಕಾರ್ಡು ಹುಡುಕುತ್ತಿದ್ದ.

ತಂಗಿ ಚಿಕ್ಕಂದಿನ ರೂಢಿಯಂತೆ ಸ್ಕಾರ್ಫಿನ ಕುಚ್ಚುಗಳನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಈ ತುದಿಗೆ ಒಂಬತ್ತು ಕುಚ್ಚು, ಆ ತುದಿಗೆ ಒಂಬತ್ತು. ಕಟ್ಟಿದವಳು ಅಕ್ಕನೇ. ಗಾಜಿನೀಚೆಯಿಂದ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ಒಂಬತ್ತು. ಒಂಬತ್ತು. ಒಂದು ಎಳೆ ಹರಿದಿರಲಿಲ್ಲ.

“ಸಾರ್,” ಎಂದಳು. “ಆ ಕವರು ಒಂದು ಸಲ ತೋರಿಸಿ.”

“ಯಾಕಮ್ಮಾ?”

“ಇಲ್ಲಿ, ಈ ಬೆಳಕಲ್ಲಿ.”

ಅವನು ಅವಳ ಮುಖ ನೋಡಿ, ಏನನ್ನಿಸಿತೋ, ಕವರನ್ನು ತೆಗೆದು ಬಿಸಿಲಿಗೆ ಎತ್ತಿ ಹಿಡಿದ.

ಗಾಜಿನಾಚೆ ಒಣಸಾಲು. ಗಾಜಿನೀಚೆ, ಕವರಿನೊಳಗೆ, ಅದೇ ಹೊಲದ ಇನ್ನೊಂದು ಸಾಲು. ಈಗ ತಾನೇ ನೇಗಿಲು ಮಗುಚಿದ ಹಸಿ ಮಣ್ಣು. ಒಂದು ಕೂದಲೆಳೆ ಕಪ್ಪು ಹೆಚ್ಚು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ. ಬಿಸಿಲಿಗೆ ಬಂದರೆ ಬೇರೆ ಬೇರೆ. ಹೊಸಬರಿಗೆಲ್ಲ ಬೈದು ಕಲಿಸಿದ ಪಾಠವನ್ನು, ತನ್ನದೇ ಅಕ್ಷರದ ಚೀಟಿಯ ಎದುರು ಕೂತು, ತಾನೇ ಮರೆತಿದ್ದಳು.

ಮೊದಲ ಅದ್ದು.

ಕೆಟ್ಟ ಅದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂಲೆಗೆ ಎಸೆಯುತ್ತಾರೆ. ಆವತ್ತೂ ಮೇಸ್ತ್ರಿ ಎಸೆಯಲು ಹೋಗಿದ್ದ. ಅಷ್ಟರಲ್ಲಿ ಮೇಷ್ಟ್ರು ಬಂದಿದ್ದರು, “ಒಳ್ಳೇ ಮೆತ್ತನೆ ಬಟ್ಟೆ, ಎಸೀತೀಯೇನೋ, ಕೊಡಿಲ್ಲಿ,” ಎಂದು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡಿದ್ದರು. ಅಲ್ಲಿಂದೀಚೆಗೆ ಅವರು ಕನ್ನಡಕ ಒರೆಸುತ್ತಿದ್ದುದು ಅದರಲ್ಲೇ. ಕಚೇರಿಯ ಎಲ್ಲರೂ ನೋಡಿದ್ದರು, ಯಾರೂ ಗಮನಿಸಿರಲಿಲ್ಲ. ಇವತ್ತು ಬೆಳಗ್ಗೆ ಮಾತ್ರ ಅಂಗಿಯ ಚುಂಗು.

ಹಾಳೆ ಕಳಿಸಿದ ಕೈ ವಯಸ್ಸನ್ನು ಯಾಕೆ ತಿದ್ದಿತೆಂದು ಈಗ ಹೊಳೆಯಿತು. ತೊಂಬತ್ತೊಂಬತ್ತು ಎಂದು ಹೋಗಿದ್ದರೆ ಅದು ಅವಳು ಕಳಿಸಿದ್ದಲ್ಲ ಎಂದು ಪತ್ರಿಕೆಯವರ ಫೋನಿನಿಂದಲೇ ಗೊತ್ತಾಗುತ್ತಿತ್ತು. ಅರವತ್ತೊಂದು ಎಂದು ಹೋದದ್ದರಿಂದಲೇ ಅವಳು ಸಿಕ್ಕಿಬಿದ್ದಳು. ಬೀಗ ಮಾಡುವುದನ್ನು ಕಲಿಸಿದವರಿಗೆ ಅದನ್ನು ಯಾರ ಮೇಲೆ ಹಾಕಬೇಕೆಂಬುದೂ ತಿಳಿದಿತ್ತು.

“ಸಾರ್, ನಾನು ಬರೆದುಕೊಟ್ಟಿದ್ದು ಸುಳ್ಳು.”

“ಯಾವುದು?”

“ಎಲ್ಲಾ. ನಾನು ಕಳಿಸಲಿಲ್ಲ. ತಂಗಿಗೂ ಆ ಗುಟ್ಟು ಗೊತ್ತು. ಆದ್ರೆ ಅವಳೂ ಅಲ್ಲ. ಅವಳ ಸ್ಕಾರ್ಫ್ ನೋಡಿ, ದಾರ ಅದರದಲ್ಲ, ಅದೇ ಸಾಕ್ಷಿ.”

ಅಧಿಕಾರಿ ನಿಟ್ಟುಸಿರುಬಿಟ್ಟ. “ಅಮ್ಮಾ, ಹತ್ತು ನಿಮಿಷದ ಹಿಂದೆ ತಂಗಿಗೆ ಏನೂ ಗೊತ್ತಿಲ್ಲ ಅಂತ ಸಹಿ ಹಾಕಿದ್ರಿ. ಈ ದಾರ ಬರೀ ಕಂದು ಅಂದ್ರಿ. ಈಗ ತಂಗಿಗೂ ಗೊತ್ತು, ದಾರದಲ್ಲೂ ಬೇರೆ ಬೇರೆ ಇದೆ ಅಂತೀರಿ. ನಾನು ಯಾವುದನ್ನ ನಂಬ್ಲಿ?” ಕವರನ್ನು ಕಣ್ಣಿನ ಹತ್ತಿರ ಹಿಡಿದು, ತಂಗಿಯ ಕೊರಳನ್ನು ನೋಡಿದ. “ನನ್ನ ಕಣ್ಣಿಗೆ ಎರಡೂ ಒಂದೇ.”

“ಅದನ್ನ ಪಕ್ಕದಲ್ಲಿಟ್ಟು ನೋಡಬೇಕು ಸಾರ್. ಆ ದಾರ ಮೇಷ್ಟ್ರ ಬಟ್ಟೇದು. ಬಾಗಿಲು ತೆಗೀರಿ ಮೊದಲು.”

“ತೆಗೀತೀನಿ. ನಿಮ್ಮ ಕಾರ್ಡು ಎಲ್ಲೋ ಅಡಿಗೆ ಹೋಗಿದೆ.” ಅವನು ಮಂಡಿಯೂರಿ ಕೂತು, ಚೀಲದ ಸಾಮಾನನ್ನು ಒಂದೊಂದಾಗಿ ನೆಲಕ್ಕೆ ತೆಗೆದಿಡತೊಡಗಿದ. ನೋಟ್‌ಪುಸ್ತಕ. ಅವಳ ಫೋನು. ಸಹಿ ಹಾಕಿದ ಹಾಳೆ.

ಗಾಜಿನಾಚೆ ಮೇಷ್ಟ್ರು ಎದ್ದು ಬಂದಿದ್ದರು. ತಂಗಿಯ ತಲೆ ಸವರಿ ಏನೋ ಹೇಳಿದರು. ರಸ್ತೆಯಲ್ಲಿ ನಿಂತ ತಮ್ಮ ಕಾರಿನ ಕಡೆ ಕೈ ತೋರಿಸಿದರು. ತಂಗಿ ಅಕ್ಕನ ಕಡೆ ತಿರುಗಿ, ಹೋಗಲೇ ಎನ್ನುವಂತೆ ನೋಡಿದಳು. ಅಕ್ಕ ಅಂಗೈಯಿಂದ ಗಾಜು ಬಡಿದು ಬೇಡ ಬೇಡ ಎಂದು ತಲೆಯಾಡಿಸಿದಳು. ತಂಗಿಗೆ ಅದು ಅಳಬೇಡ ಎಂದಂತೆ ಕಂಡಿತೋ ಏನೋ, ಕಣ್ಣೊರೆಸಿಕೊಂಡು ನಗಲು ನೋಡಿದಳು.

ಮೇಷ್ಟ್ರು ಕನ್ನಡಕ ತೆಗೆದು ಬೆಳಕಿಗೆ ಹಿಡಿದು ಊದಿದರು. ಜೇಬು ತಡವಿದರು. ಅಂಗಿಯ ಚುಂಗು ಎತ್ತಿಕೊಂಡು, ಅದನ್ನು ಬಿಟ್ಟು, ತಂಗಿಯ ಕಡೆ ನೋಡಿ ಪೆಚ್ಚು ನಗೆ ನಕ್ಕರು. ತಂಗಿ ಕೊರಳಿನ ಸ್ಕಾರ್ಫ್ ಬಿಚ್ಚಿ ಕೊಟ್ಟಳು.

ಅವರು ನಿಧಾನವಾಗಿ ಒರೆಸಿದರು. ಒಂದು ಗಾಜು, ಇನ್ನೊಂದು ಗಾಜು. ಕನ್ನಡಕ ಹಾಕಿಕೊಂಡು ಗಾಜಿನೀಚೆ ನಿಂತ ಶಿಷ್ಯೆಯನ್ನು ನೇರವಾಗಿ ನೋಡಿದರು. ಆಮೇಲೆ ಸ್ಕಾರ್ಫನ್ನು ನಾಲ್ಕು ಮಡಿಕೆ ಮಡಿಸಿ, ಎಷ್ಟೋ ತಿಂಗಳ ರೂಢಿ ಎಂಬಂತೆ, ತಮ್ಮ ಜೇಬಿಗೆ ಇಟ್ಟುಕೊಂಡು ತಂಗಿಯ ಹೆಗಲ ಮೇಲೆ ಕೈ ಹಾಕಿ ಬಿಸಿಲಿಗೆ ನಡೆದರು.

“ಸಿಕ್ತು,” ಎಂದು ಅಧಿಕಾರಿ ನೆಲದಿಂದ ಎದ್ದು ಕಾರ್ಡನ್ನು ಬಾಗಿಲಿಗೆ ತೋರಿಸಿದ. ಕೆಂಪು ದೀಪ ಹತ್ತಿತು. ಮತ್ತೆ ತೋರಿಸಿದ. ಕೆಂಪು.

“ಏನಮ್ಮಾ ಇದು, ನಿಮ್ಮ ಕಾರ್ಡೇ ತಾನೇ? ಯಾರೋ ನಿಮ್ಮ ಹೆಸರು ಆಗಲೇ ತೆಗೆಸಿಬಿಟ್ಟಿದ್ದಾರೆ.”